ಕಾವೇರಿ ಜಲವಿವಾದ ಕುರಿತ ರಾಷ್ಟ್ರಪತಿ ಉಲ್ಲೇಖ (1991)

ಕಾವೇರಿ ಜಲವಿವಾದ ನ್ಯಾಯಮಂಡಳಿಯ ಮಧ್ಯಂತರ ಆದೇಶ ಹಾಗೂ ಅದರ ವಿರುದ್ಧ ಕರ್ನಾಟಕ ಹೊರಡಿಸಿದ ಸುಗ್ರೀವಾಜ್ಞೆಯ ಬಗ್ಗೆ ಭಾರತದ ರಾಷ್ಟ್ರಪತಿಗಳು ಸರ್ವೋಚ್ಚ ನ್ಯಾಯಾಲಯದ ಸಲಹಾ ಅಭಿಪ್ರಾಯವನ್ನು ಕೋರಿದ ಪ್ರಕರಣವೇ 1991ರ ಕಾವೇರಿ ಉಲ್ಲೇಖ. ನ್ಯಾಯಾಲಯವು 1991ರ ನವೆಂಬರ್ 22ರಂದು ಅಭಿಪ್ರಾಯ ನೀಡಿತು. ಅಂತರರಾಜ್ಯ ನದಿಗಳ ವಿಷಯದಲ್ಲಿ ರಾಜ್ಯವೊಂದರ ಶಾಸನಾಧಿಕಾರದ ಮಿತಿಯನ್ನು ಇದು ಗುರುತಿಸಿತು.

ಸಾಂವಿಧಾನಿಕ ಹಿನ್ನೆಲೆ

ಸಂವಿಧಾನದ 143ನೇ ವಿಧಿಯ ಮೊದಲ ಖಂಡದ ಪ್ರಕಾರ, ಸಾರ್ವಜನಿಕ ಮಹತ್ವವುಳ್ಳ ಕಾನೂನು ಅಥವಾ ವಾಸ್ತವಾಂಶದ ಪ್ರಶ್ನೆಯನ್ನು ರಾಷ್ಟ್ರಪತಿಗಳು ಸರ್ವೋಚ್ಚ ನ್ಯಾಯಾಲಯಕ್ಕೆ ಒಪ್ಪಿಸಬಹುದು. ಇಂತಹ ಉಲ್ಲೇಖವನ್ನು ಕನಿಷ್ಠ ಐವರು ನ್ಯಾಯಾಧೀಶರ ಪೀಠವು ಆಲಿಸಬೇಕೆಂದು 145ನೇ ವಿಧಿ ಹೇಳುತ್ತದೆ. ಉತ್ತರಿಸಲು ನಿರಾಕರಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ. 1994ರಲ್ಲಿ ಅಯೋಧ್ಯೆಗೆ ಸಂಬಂಧಿಸಿದ ಉಲ್ಲೇಖಕ್ಕೆ ಅದು ಉತ್ತರ ನೀಡಲಿಲ್ಲ.

ವಿವಾದದ ಬೆಳವಣಿಗೆ

ಕೇಂದ್ರ ಸರ್ಕಾರವು 1990ರ ಜೂನ್ 2ರಂದು ಕಾವೇರಿ ನ್ಯಾಯಮಂಡಳಿಯನ್ನು ರಚಿಸಿತು. ಮಧ್ಯಂತರ ಪರಿಹಾರ ನೀಡುವ ಅಧಿಕಾರ ತನಗಿಲ್ಲವೆಂದು ಮಂಡಳಿಯು ಮೊದಲು ಹೇಳಿತ್ತು. 1991ರ ಏಪ್ರಿಲ್ 26ರಂದು ಸರ್ವೋಚ್ಚ ನ್ಯಾಯಾಲಯವು ಆ ನಿಲುವನ್ನು ತಳ್ಳಿಹಾಕಿತು. ಜೂನ್ 25ರಂದು ಮಂಡಳಿಯು, ಮೆಟ್ಟೂರು ಜಲಾಶಯಕ್ಕೆ ವರ್ಷವೊಂದರಲ್ಲಿ 205 ಟಿಎಂಸಿ ಅಡಿ ನೀರು ತಲುಪುವಂತೆ ಕರ್ನಾಟಕವು ಬಿಡಬೇಕೆಂದೂ, ರಾಜ್ಯದ ನೀರಾವರಿ ಪ್ರದೇಶ 11.2 ಲಕ್ಷ ಎಕರೆಯನ್ನು ಮೀರಬಾರದೆಂದೂ ಆದೇಶಿಸಿತು.

ಎಸ್. ಬಂಗಾರಪ್ಪ ನೇತೃತ್ವದ ಸರ್ಕಾರವಿದ್ದ ಕರ್ನಾಟಕದಲ್ಲಿ ಜುಲೈ 25ರಂದು, ಕಾವೇರಿ ಜಲಾನಯನದ ನೀರಾವರಿಯನ್ನು ಸಂರಕ್ಷಿಸುವ ಸುಗ್ರೀವಾಜ್ಞೆ ಜಾರಿಯಾಯಿತು. ಅಂತಿಮ ತೀರ್ಪಿನ ಹೊರತು ಮಂಡಳಿಯ ಯಾವುದೇ ಆದೇಶ ರಾಜ್ಯವನ್ನು ಬಂಧಿಸದು ಎಂಬುದು ಅದರ ತಿರುಳು. ಎರಡೇ ದಿನಗಳಲ್ಲಿ, ಜುಲೈ 27ರಂದು, ರಾಷ್ಟ್ರಪತಿ ಆರ್. ವೆಂಕಟರಾಮನ್ ಮೂರು ಪ್ರಶ್ನೆಗಳನ್ನು ನ್ಯಾಯಾಲಯಕ್ಕೆ ಒಪ್ಪಿಸಿದರು.

ನ್ಯಾಯಾಲಯದ ಉತ್ತರ

ಮುಖ್ಯ ನ್ಯಾಯಮೂರ್ತಿ ರಂಗನಾಥ ಮಿಶ್ರ ನೇತೃತ್ವದ ಪೀಠದಲ್ಲಿ ಕೆ.ಎನ್. ಸಿಂಗ್, ಎ.ಎಂ. ಅಹ್ಮದಿ, ಕುಲದೀಪ್ ಸಿಂಗ್ ಮತ್ತು ಪಿ.ಬಿ. ಸಾವಂತ್ ಇದ್ದರು. ಪೀಠವು ನೀಡಿದ ಉತ್ತರಗಳು ಹೀಗಿವೆ:

* ಸುಗ್ರೀವಾಜ್ಞೆಯು ರಾಜ್ಯದ ಶಾಸನಾಧಿಕಾರವನ್ನು ಮೀರಿದ್ದು, ಸಂವಿಧಾನಬಾಹಿರ.
* ಮಧ್ಯಂತರ ಆದೇಶವು 1956ರ ಅಂತರರಾಜ್ಯ ಜಲವಿವಾದ ಕಾಯ್ದೆಯ 5(2)ನೇ ಪ್ರಕರಣದ ಅರ್ಥದಲ್ಲಿ ವರದಿ ಮತ್ತು ತೀರ್ಮಾನವಾಗಿದೆ. ಜಾರಿಗಾಗಿ ಕೇಂದ್ರವು ಅದನ್ನು ರಾಜ್ಯಪತ್ರದಲ್ಲಿ ಪ್ರಕಟಿಸಬೇಕು.
* ಕೇಂದ್ರವು ಮಧ್ಯಂತರ ಪರಿಹಾರದ ವಿಷಯವನ್ನು ಒಪ್ಪಿಸಿದ್ದರೆ, ಅದನ್ನು ನೀಡುವ ಅಧಿಕಾರ ಮಂಡಳಿಗಿದೆ.

ರಾಜ್ಯವೊಂದು ತನ್ನದೇ ವಿವಾದದಲ್ಲಿ ತಾನೇ ನ್ಯಾಯಾಧೀಶನಾಗುವುದು ಕಾನೂನಿನ ಆಳ್ವಿಕೆಗೆ ವಿರುದ್ಧವೆಂದು ಪೀಠವು ತಿಳಿಸಿತು. ಏಪ್ರಿಲ್ 26ರ ತೀರ್ಪಿನ ಮರುವಿಮರ್ಶೆಗೂ ಅದು ಒಪ್ಪಲಿಲ್ಲ. 143ನೇ ವಿಧಿಯ ಮೂಲಕ ನ್ಯಾಯಾಲಯವು ತನ್ನದೇ ತೀರ್ಪಿನ ಮೇಲೆ ಮೇಲ್ಮನವಿ ಪ್ರಾಧಿಕಾರವಾಗಲಾರದು ಎಂಬುದು ಅದರ ನಿಲುವಾಗಿತ್ತು.

ಪರಿಣಾಮ

ಡಿಸೆಂಬರ್ 10ರಂದು ಮಧ್ಯಂತರ ಆದೇಶವು ರಾಜ್ಯಪತ್ರದಲ್ಲಿ ಪ್ರಕಟವಾಯಿತು. ಅದರ ಬೆನ್ನಲ್ಲೇ ಬೆಂಗಳೂರು ಮತ್ತು ಮೈಸೂರು ಭಾಗಗಳಲ್ಲಿ ಹಿಂಸಾಚಾರ ನಡೆದು, ತಮಿಳು ಭಾಷಿಕರು ಅದಕ್ಕೆ ಗುರಿಯಾದರು. ಮಂಡಳಿಯ ಅಂತಿಮ ತೀರ್ಪು 2007ರಲ್ಲಿ ಹೊರಬಂದರೂ ರಾಜ್ಯಪತ್ರದಲ್ಲಿ ಪ್ರಕಟವಾದದ್ದು 2013ರಲ್ಲಿ.

ಕೃಷ್ಣಾ ಕಣಿವೆಗೆ ಪ್ರಸ್ತುತತೆ

ರಾಜ್ಯಪತ್ರದಲ್ಲಿ ಪ್ರಕಟಣೆಯ ಈ ನಿಯಮ ಕೃಷ್ಣಾ ಕಣಿವೆಗೂ ಅನ್ವಯಿಸುತ್ತದೆ. ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ಲ ತಾಲ್ಲೂಕುಗಳು ಈ ಕಣಿವೆಯಲ್ಲಿವೆ. ಬಾದಾಮಿ ತಾಲ್ಲೂಕಿನಲ್ಲಿ ಹರಿದುಬರುವ ಮಲಪ್ರಭೆಯು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ಒಂದು ಭಾಗ ಮುಳುಗಿ, ಸಂತ್ರಸ್ತರಿಗಾಗಿ ನವನಗರ ನಿರ್ಮಾಣವಾಯಿತು. ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನೇತೃತ್ವದ ಎರಡನೇ ಕೃಷ್ಣಾ ನ್ಯಾಯಮಂಡಳಿಯು 2010ರ ಡಿಸೆಂಬರ್ 30ರಂದು ಆಲಮಟ್ಟಿಯಲ್ಲಿ 524.256 ಮೀಟರ್‌ವರೆಗೆ ನೀರು ಸಂಗ್ರಹಿಸಲು ಅನುಮತಿಸಿತು. ಆದರೆ 2011ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು, ಮುಂದಿನ ಆದೇಶದವರೆಗೆ ಮಂಡಳಿಯ ತೀರ್ಮಾನವನ್ನು ಪ್ರಕಟಿಸಬಾರದೆಂದು ಸೂಚಿಸಿತು.