ಹಾಸಿಗೆಯಿಂದ ಹಾಸಿಗೆಗೆ: ಔಷಧನಿರೋಧಕ ಸೋಂಕಿನ ಜಾಡು ಮತ್ತು ಬಳ್ಳಾರಿಯ ಪ್ರಯೋಗಾಲಯ

2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಅಸ್ವಸ್ಥರಾದರು, ಐವರು ತೀರಿಕೊಂಡರು. ಸಂಶಯ ರಕ್ತನಾಳಕ್ಕೆ ಹನಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಬಿತ್ತು. ರಾಜ್ಯ ಪ್ರಯೋಗಾಲಯ ತಿರಸ್ಕರಿಸಿದ್ದ ಕೆಲವು ಬ್ಯಾಚುಗಳು ಕೇಂದ್ರ ಪ್ರಯೋಗಾಲಯದಲ್ಲಿ ಪಾಸಾಗಿದ್ದವೆಂಬುದೂ ಬಯಲಾಯಿತು. ಔಷಧನಿರೋಧಕ ಬ್ಯಾಕ್ಟೀರಿಯಾದ ಪ್ರಕರಣವೆಂದು ಅದು ದಾಖಲಾಗಿಲ್ಲ. ಆದರೆ ಹಲವು ಹಾಸಿಗೆಗಳ ಕಾಯಿಲೆಗೆ ಮೂಲ ಒಂದೇ ಎಂದು ಸಾಬೀತುಪಡಿಸುವುದು ಹೇಗೆಂಬ ಪ್ರಶ್ನೆ ಆ ಘಟನೆಗೂ ಔಷಧನಿರೋಧಕ ಸೋಂಕಿಗೂ ಸಮಾನ. ಯಂತ್ರ ಎಷ್ಟು ಸೂಕ್ಷ್ಮ ಎಂಬುದಕ್ಕಿಂತ, ಮೊದಲ ದಿನಗಳಲ್ಲಿ ನಾವು ಏನನ್ನು ಉಳಿಸಿಕೊಂಡೆವು ಎಂಬುದೇ ಇಲ್ಲಿ ನಿರ್ಣಾಯಕ ಎಂಬುದು ಈ ಲೇಖನದ ವಾದ.

ಐಸಿಯುಗಳನ್ನು ಕಾಡುವ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಎಂಬ ಬ್ಯಾಕ್ಟೀರಿಯಾವನ್ನೇ ನೋಡೋಣ. ಕಾರ್ಬಪೆನೆಮ್ ಔಷಧಿಗೆ ಅದು ಬಗ್ಗದಿದ್ದಾಗ ಸಾಮಾನ್ಯ ಪ್ರಯೋಗಾಲಯವೂ ಮಾಡಬಲ್ಲ ಒಂದು ಪರೀಕ್ಷೆಯಿದೆ. ಅದೇ ವರ್ಗದ ಔಷಧಿ ಮೆರೊಪೆನೆಮ್‌ನ 10 ಮೈಕ್ರೊಗ್ರಾಂ ಬಿಲ್ಲೆಯನ್ನು ಶಂಕಿತ ಬ್ಯಾಕ್ಟೀರಿಯಾ ಕದಡಿದ ದ್ರವದಲ್ಲಿ 4 ಗಂಟೆ ಮುಳುಗಿಸಿಟ್ಟು, ಬಳಿಕ ಔಷಧಿಗೆ ಸುಲಭವಾಗಿ ಸಾಯುವ ಇ. ಕೋಲಿ ಹರಡಿದ ಪ್ಲೇಟಿನ ಮೇಲೆ ಇಡುತ್ತಾರೆ. ಮರುದಿನ ಬಿಲ್ಲೆಯ ಅಂಚಿನವರೆಗೂ ಇ. ಕೋಲಿ ಬೆಳೆದಿದ್ದರೆ, ಔಷಧಿಯನ್ನು ಒಡೆಯುವ ಕಿಣ್ವ ಇದೆ ಎಂದರ್ಥ. ಆ ಕಿಣ್ವದ ಜೀನ್ ಎನ್‌ಡಿಎಂ ವರ್ಗದ್ದೋ ಆಕ್ಸಾ-48 ವರ್ಗದ್ದೋ ಎಂಬುದನ್ನು ಪಿಸಿಆರ್ ಹೇಳುತ್ತದೆ. ಇಷ್ಟಾದರೂ ಹರಡಿದ ದಾರಿ ತಿಳಿಯದು: ನಮ್ಮ ಆಸ್ಪತ್ರೆಗಳಲ್ಲಿ ಈ ಜೀನ್‌ಗಳು ವ್ಯಾಪಕವಾಗಿರುವುದರಿಂದ, ಇಬ್ಬರಲ್ಲಿ ಒಂದೇ ಜೀನ್ ಸಿಕ್ಕ ಮಾತ್ರಕ್ಕೆ ಒಬ್ಬರಿಂದೊಬ್ಬರಿಗೆ ಅಂಟಿತೆನ್ನಲಾಗದು.

1998ರಲ್ಲಿ ಬಂದ ಎಂಎಲ್‌ಎಸ್‌ಟಿ ವಿಧಾನ ಏಳು ಜೀನ್‌ಗಳನ್ನು ಓದಿ ಬ್ಯಾಕ್ಟೀರಿಯಾದ ವಂಶವನ್ನು (ಎಸ್‌ಟಿ) ಗುರುತಿಸುತ್ತದೆ. ಬೆಂಗಳೂರಿನ ಕಿಮ್ಸ್‌ನ ಕೇಂದ್ರ ಸಂಶೋಧನಾ ಪ್ರಯೋಗಾಲಯದ ತಂಡ 2021ರಲ್ಲಿ ಪ್ರಕಟಿಸಿದ ಬಹುಕೇಂದ್ರ ಅಧ್ಯಯನದ ಪ್ರಕಾರ, ಭಾರತದ ನಿರೋಧಕ ಕ್ಲೆಬ್ಸಿಯೆಲ್ಲಾಗಳಲ್ಲಿ ಎಸ್‌ಟಿ231, ಎಸ್‌ಟಿ147, ಎಸ್‌ಟಿ14 ಪ್ರಬಲ. ಎಂದರೆ ಬಳ್ಳಾರಿಯ ಇಬ್ಬರಲ್ಲೂ ಎಸ್‌ಟಿ231 ಕಂಡರೆ ಅದೊಂದೇ ಸಾಕಷ್ಟು ಸಾಕ್ಷ್ಯವಲ್ಲ. ಸುಮಾರು 55 ಲಕ್ಷ ಅಕ್ಷರಗಳ ಇಡೀ ಜೀನೋಮ್ ಓದಿ, ಎಷ್ಟು ಅಕ್ಷರ ಬೇರೆಯೆಂದು ಎಣಿಸಬೇಕು. 2011ರಲ್ಲಿ ಅಮೆರಿಕದ ಎನ್‌ಐಎಚ್ ಆಸ್ಪತ್ರೆಯಲ್ಲಿ 18 ರೋಗಿಗಳಿಗೆ ಹರಡಿದ ಸೋಂಕನ್ನು ಹೀಗೆ ಓದಿದಾಗ ಎಲ್ಲದಕ್ಕೂ ಮೂಲ ಒಬ್ಬರೇ ರೋಗಿ ಎಂದು ತಿಳಿಯಿತು. ಆಕೆ ಮನೆಗೆ ಹೋಗಿ ಮೂರು ವಾರದ ಮೇಲೆ ಎರಡನೆಯ ಪ್ರಕರಣ ಕಂಡಿತ್ತು; ಸೋಂಕು ಪತ್ತೆಯಾದ ಕ್ರಮವೂ ಹರಡಿದ ಕ್ರಮವೂ ಒಂದೇ ಆಗಿರಲಿಲ್ಲ. ಲಕ್ಷಣವಿಲ್ಲದೆ ಕರುಳಲ್ಲಿ ಬ್ಯಾಕ್ಟೀರಿಯಾ ಹೊತ್ತವರೇ ನಡುವಿನ ಕೊಂಡಿ. ನಿರೋಧಕ ಜೀನ್ ಪ್ಲಾಸ್ಮಿಡ್ ಎಂಬ ಚಿಕ್ಕ ಡಿಎನ್‌ಎ ಉಂಗುರ ಏರಿ ಬೇರೆ ಪ್ರಭೇದಕ್ಕೆ ಜಿಗಿದಿದ್ದರೆ ಅಕ್ಷರಗಳ ಎಣಿಕೆಯೂ ಸಾಲದು. ಉದ್ದ ತುಣುಕುಗಳನ್ನು ಓದುವ ನ್ಯಾನೊಪೋರ್‌ನಂಥ ವಿಧಾನ ಬೇಕು.

ಜೀನೋಮ್ ಓದುವ ಈ ಸೀಕ್ವೆನ್ಸಿಂಗ್ ಬೆಂಗಳೂರಿನಲ್ಲೂ ಆದೀತು, ತಡವಾಗಿಯೂ ಆದೀತು. ಆದರೆ ಎಸೆದ ಕಲ್ಚರ್ ಪ್ಲೇಟು ಮರಳಿ ಬಾರದು. ಬಳ್ಳಾರಿ ಬಳಿಯ ಸಂಗನಕಲ್ಲಿನ ಗುಡ್ಡದಲ್ಲಿ ಸಿಕ್ಕ ಕಲ್ಲುಕೊಡಲಿ ಯಾವ ಪದರದ್ದೆಂದು ಬರೆದಿಡದಿದ್ದರೆ ಅದರಿಂದ ಕಾಲ ಹೇಳಲಾಗದು. ದಿನಾಂಕ, ಹಾಸಿಗೆ ಸಂಖ್ಯೆ ಇಲ್ಲದ ಐಸೊಲೇಟಿನ (ರೋಗಿಯ ಮಾದರಿಯಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾದ) ಗತಿಯೂ ಅದೇ. ಜಿಲ್ಲೆಯ ಸಿರುಗುಪ್ಪ, ಕುರುಗೋಡಿನ ಆಸ್ಪತ್ರೆಗಳಿಂದ ರೆಫರ್ ಆಗಿ ಬಂದವರ ವಿಷಯದಲ್ಲಿ ಇದು ಇನ್ನೂ ಮುಖ್ಯ. ದಾಖಲಾಗಿ 48 ಗಂಟೆಯ ನಂತರ ಕಂಡ ಸೋಂಕು ಆಸ್ಪತ್ರೆಯದು ಎಂಬ ರೂಢಿಯ ಲೆಕ್ಕ, ಈಗಾಗಲೇ ಒಂದು ಆಸ್ಪತ್ರೆಯಲ್ಲಿ ಮಲಗಿದ್ದು ಬಂದವರಿಗೆ ಹೊಂದದು. ಬಂದ ದಿನವೇ ಗುದದ್ವಾರದ ಸ್ವ್ಯಾಬ್ ತೆಗೆದರೆ ಮಾತ್ರ ಅವರು ಬ್ಯಾಕ್ಟೀರಿಯಾವನ್ನು ಹೊತ್ತು ತಂದರೋ ಇಲ್ಲಿ ಪಡೆದರೋ ಗೊತ್ತಾಗುತ್ತದೆ.

ರಿಂಗರ್ ಲ್ಯಾಕ್ಟೇಟ್‌ನಂಥ ದ್ರಾವಣದ ಬಾಟಲಿಗೂ ಇದೇ ಕ್ರಮ ಬೇಕು. ಬ್ಯಾಕ್ಟೀರಿಯಾ ಸತ್ತ ಮೇಲೂ ಅದರ ಹೊರಪೊರೆಯ ಎಂಡೋಟಾಕ್ಸಿನ್ ಉಳಿಯುತ್ತದೆ, ಆಟೊಕ್ಲೇವಿನ ಬಿಸಿಗೂ ಪೂರ್ತಿ ನಾಶವಾಗದು. ಅಂಥ ಬಾಟಲಿಯಲ್ಲಿ ಕಲ್ಚರ್ ಬೆಳೆಯದು, ಜೀನೋಮ್ ಓದಲು ಜೀವಂತ ಬ್ಯಾಕ್ಟೀರಿಯಾವೂ ಸಿಗದು. ಆಗ ಉಳಿಯುವುದು ಎಂಡೋಟಾಕ್ಸಿನ್ ಪತ್ತೆಹಚ್ಚುವ ಎಲ್‌ಎಎಲ್ ಪರೀಕ್ಷೆ, ಅದಕ್ಕೆ ಬೇಕಾದ ಉಳಿಕೆ ದ್ರವ ಮತ್ತು ಕೇಸ್‌ಶೀಟಿನಲ್ಲಿ ನರ್ಸ್ ಬರೆದ ಬ್ಯಾಚ್ ಸಂಖ್ಯೆ. ಆದ್ದರಿಂದ ಜಿಲ್ಲಾ ಮಟ್ಟದಲ್ಲಿ ಸೀಕ್ವೆನ್ಸರ್‌ಗಿಂತ ಮೊದಲು ಬರಬೇಕಾದದ್ದು ಮೈನಸ್ 80 ಡಿಗ್ರಿಯ ಒಂದು ಫ್ರೀಜರ್, ಗ್ಲಿಸರಾಲ್ ವಯಲ್‌ಗಳು, ಮತ್ತು ಐಸೊಲೇಟ್, ಹಾಸಿಗೆ, ಬ್ಯಾಚ್ ಮೂರನ್ನೂ ಒಂದೇ ಸಾಲಿನಲ್ಲಿ ದಾಖಲಿಸುವ ರಿಜಿಸ್ಟರ್.