ಗಡಿಕಲ್ಲು ಮತ್ತು ಶಾಪ

ನಮ್ಮ ಗಾವಡಗೆರೆಯನ್ನೊಳಗೊಂಡ ಹುಣಸೂರು ತಾಲ್ಲೂಕಿನ ಶಿಲಾಶಾಸನಗಳನ್ನು ಬಿ. ಎಲ್. ರೈಸ್ ಅವರು 1898ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿದರು. ಕನ್ನಡ ನಾಡಿನ ದಾನಶಾಸನಗಳಲ್ಲಿ ದಾನಿಯ ಹೆಸರು, ಭೂಮಿಯ ಎಲ್ಲೆಗಳನ್ನು ಹೇಳಿ ಮುಗಿಸಿದ ಮೇಲೆ ಕೊನೆಗೆ ಸಾಮಾನ್ಯವಾಗಿ ಒಂದು ಶಾಪವಿರುತ್ತದೆ. ದಾನವನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪವೆಂದೂ, ಅವನು ಅರುವತ್ತು ಸಾವಿರ ವರ್ಷ ಮಲದ ಹುಳುವಾಗುವನೆಂದೂ ಅದು ಎಚ್ಚರಿಸುತ್ತದೆ. ಇದು ಬರಿಯ ಸಿಟ್ಟಿನ ಮಾತಲ್ಲ. ಕೊಟ್ಟ ಅರಸನು ಅಳಿದ ಮೇಲೆ ಆ ಗದ್ದೆಯನ್ನು ಕಾಯುವವರಾರು? ಅರಸನ ಕೈ ನಿಲುಕದ ಕಾಲಕ್ಕೂ ದೇವರ ಭಯವೇ ಕಾವಲಿರಲಿ ಎಂಬುದು ಅದರ ಆಶಯ.

ಧರ್ಮೋಪದೇಶಕಾಂಡದ 27ನೆಯ ಅಧ್ಯಾಯದಲ್ಲಿಯೂ ಕಲ್ಲುಗಳಿವೆ, ಶಾಪಗಳಿವೆ. ಜೋರ್ಡನ್ ದಾಟಿದ ಮೇಲೆ ಏಬಾಲ್ ಬೆಟ್ಟದಲ್ಲಿ ದೊಡ್ಡ ಕಲ್ಲುಗಳನ್ನು ನಿಲ್ಲಿಸಿ, ಸುಣ್ಣ ಬಳಿದು, ಧರ್ಮಶಾಸ್ತ್ರವನ್ನು ಬರೆಯುವಂತೆ ಮೋಶೆ ವಿಧಿಸಿದನು. ಬಳಿಕ ಲೇವಿಯರು ಹನ್ನೆರಡು ಶಾಪಗಳನ್ನು ಸಾರಬೇಕಿತ್ತು. ನೆರೆಯವನ ಗಡಿಕಲ್ಲನ್ನು ಸರಿಸಿದವನು, ಕುರುಡನಿಗೆ ದಾರಿ ತಪ್ಪಿಸಿದವನು, ಪರದೇಶಿ, ಅನಾಥ, ವಿಧವೆಯರ ನ್ಯಾಯವನ್ನು ಕೆಡಿಸಿದವನು, ಗುಟ್ಟಾಗಿ ನೆರೆಯವನನ್ನು ಹೊಡೆದವನು ಶಾಪಗ್ರಸ್ತರು. ಇವು ಬಹುಪಾಲು ಸಾಕ್ಷಿಯಿಲ್ಲದ ಪಾಪಗಳು. ಪ್ರತಿಯೊಂದು ಶಾಪಕ್ಕೂ ಜನರೆಲ್ಲರೂ 'ಆಮೆನ್' ಎನ್ನಬೇಕಿತ್ತು. ಅಂದರೆ, ಅನ್ಯಾಯ ಮಾಡಿದವನು ತಾನೇ ಆದರೆ, ಆ ಶಾಪ ತನ್ನ ತಲೆಯ ಮೇಲೆಯೇ ಬರಲಿ ಎಂದು ಪ್ರತಿಯೊಬ್ಬನೂ ಒಪ್ಪಿಕೊಂಡಂತೆ!

ಕೀರ್ತನೆಗಳಲ್ಲಿ ಈ ದನಿ ಇನ್ನೂ ಕಟುವಾಗಿದೆ. ಜಗದ್ಗುರು ಆರನೆಯ ಪೌಲರು 1970ರಲ್ಲಿ ಅನುಮೋದಿಸಿದ ಯಾಮಪ್ರಾರ್ಥನೆಯ ನೂತನ ಕ್ರಮದಲ್ಲಿ 58, 83 ಮತ್ತು 109ನೆಯ ಕೀರ್ತನೆಗಳನ್ನು ಕೈಬಿಡಲಾಯಿತು. ಆದರೆ ಬೈಬಲಿನಿಂದ ಅವನ್ನು ಧರ್ಮಸಭೆ ತೆಗೆದುಹಾಕಲಿಲ್ಲ. ಏಕೆಂದರೆ ತುಳಿತಕ್ಕೊಳಗಾದವನ ಗೋಳು ಅಲ್ಲಿದೆ. ಅವನು ಕತ್ತಿಯನ್ನು ಹಿರಿಯದೆ ತನ್ನ ದೂರನ್ನು ದೇವರ ಮುಂದಿಡುತ್ತಾನೆ. ಏಂಗೆದಿಯ ಗುಹೆಯಲ್ಲಿ ಸೌಲನು ತನ್ನ ಕೈಗೆ ಸಿಕ್ಕಿದಾಗ ದಾವೀದನು ಮಾಡಿದ್ದೂ ಅದನ್ನೇ. ತೀರ್ಪನ್ನು ಸರ್ವೇಶ್ವರನಿಗೆ ಬಿಟ್ಟು, ತನ್ನ ಕೈಯನ್ನು ತಡೆದುಕೊಂಡನು. ಯೇಸುಸ್ವಾಮಿ ಇನ್ನೂ ಮುಂದೆ ಹೋಗಿ, ಶಪಿಸುವವರನ್ನು ಆಶೀರ್ವದಿಸಲು ಕಲಿಸಿದರು. ಶಿಲುಬೆಯ ಮೇಲಿಂದ ತಮ್ಮನ್ನು ಕೊಂದವರಿಗಾಗಿಯೇ ಪ್ರಾರ್ಥಿಸಿದರು.

ಬದು ಒತ್ತಿದ್ದಕ್ಕಾಗಿ ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಹಿಡಿಶಾಪ ಹಾಕುವುದನ್ನು ನೀವೂ ಕೇಳಿರುತ್ತೀರಿ. ಪಾಲು ಕಳೆದುಕೊಂಡ ವಿಧವೆಗೆ 'ಸುಮ್ಮನಿರು, ಕ್ಷಮಿಸು' ಎಂದು ಮೊದಲೇ ಬಾಯಿಮುಚ್ಚಿಸುವುದು ಧರ್ಮವಲ್ಲ. ಆಕೆಯ ಕಣ್ಣೀರೂ ಪ್ರಾರ್ಥನೆಯೇ. ಅದನ್ನು ಕೇಳಿ ಆಕೆಗೆ ನ್ಯಾಯ ದೊರಕಿಸುವುದು ನಮ್ಮ ಹೊಣೆ. ನಮ್ಮ ಹೊಲದ ಗಡಿಕಲ್ಲು ಇರಬೇಕಾದಲ್ಲೇ ಇದೆಯೇ ಎಂದು ನೋಡಿಕೊಂಡ ಮೇಲೆ ನಾವು 'ಆಮೆನ್' ಎನ್ನೋಣ.