ಮನೆ ವಿಸ್ತರಣೆಯಲ್ಲಿ ಗಾಜಿನ ಮಿತಿ (ಇಂಗ್ಲೆಂಡ್)

ಇಂಗ್ಲೆಂಡಿನಲ್ಲಿ ಹಳೆಯ ಮನೆಗೆ ಹೊಸ ಕೋಣೆ ಸೇರಿಸುವವರು ಎಷ್ಟು ಗಾಜು ಹಾಕಬಹುದು ಎಂಬುದನ್ನು ಕಟ್ಟಡ ನಿಯಮಾವಳಿಯ ‘ಎಲ್’ ಭಾಗದ ಮಾರ್ಗದರ್ಶಿ ಹೇಳುತ್ತದೆ. ಕಿಟಕಿ, ಬಾಗಿಲು, ಚಾವಣಿಯ ಬೆಳಕಿಂಡಿ ಎಲ್ಲ ಕೂಡಿ ಹೊಸ ಕೋಣೆಯ ನೆಲದ ಶೇ. 25ನ್ನು ಮೀರಬಾರದು. ವಿಸ್ತರಣೆಯಿಂದ ಮುಚ್ಚಿಹೋದ ಹಳೆಯ ಕಿಟಕಿ, ಬಾಗಿಲುಗಳ ಅಳತೆಯನ್ನು ಇದಕ್ಕೆ ಕೂಡಿಸಿಕೊಳ್ಳಬಹುದು. ಹಿತ್ತಲಿಗೆ ತೆರೆಯುವ ಅಗಲವಾದ ಮಡಿಚು ಬಾಗಿಲು, ಜಾರು ಬಾಗಿಲುಗಳ ಗೀಳು ಹೆಚ್ಚಿದ ಮೇಲೆ ಈ ಮಿತಿ ಸಾಮಾನ್ಯ ಮನೆಯವರಿಗೂ ಎದುರಾಗತೊಡಗಿತು.

ಇಂಗ್ಲೆಂಡ್ ಮತ್ತು ವೇಲ್ಸ್‌ನ ಮೊದಲ ರಾಷ್ಟ್ರೀಯ ಕಟ್ಟಡ ನಿಯಮಾವಳಿ ಜಾರಿಗೆ ಬಂದದ್ದು 1966ರಲ್ಲಿ. ಶಾಖ ಎಷ್ಟು ಬೇಗ ಸೋರುತ್ತದೆ ಎಂದು ತೋರಿಸುವ ಯು-ಮೌಲ್ಯ ಆಗ ಗೋಡೆಗೆ 1.7ರವರೆಗೆ ಇರಬಹುದಿತ್ತು, ಈಗಿನ ಲೆಕ್ಕದಲ್ಲಿ ಅದು ನಿರ್ಬಂಧವೇ ಅಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಅದು 1.0ಕ್ಕೆ ಇಳಿಯಿತು. 1985ರಲ್ಲಿ ಒಂಟಿ ಗಾಜಿನ ಕಿಟಕಿಗಳನ್ನು ಹೊರಗೋಡೆಯ ಶೇ. 12ಕ್ಕೆ ಕಟ್ಟಿಹಾಕಲಾಯಿತು. 1990ರಲ್ಲಿ ಅಳತೆಗೋಲು ಗೋಡೆಯಿಂದ ನೆಲಕ್ಕೆ ಬಂತು: ಒಂಟಿ ಗಾಜಾದರೆ ನೆಲದ ಶೇ. 15. ಜೋಡಿ ಗಾಜು ವಾಡಿಕೆಯಾದಂತೆ 1995ರಲ್ಲಿ ಮಿತಿ ಶೇ. 22.5ಕ್ಕೂ 2002ರಲ್ಲಿ ಶೇ. 25ಕ್ಕೂ ಏರಿತು. ಗಾಜು ಸುಧಾರಿಸಿದಷ್ಟೂ ನಿಯಮ ಸಡಿಲವಾಯಿತು ಎನ್ನಬಹುದು.

ವಿಚಿತ್ರವೆಂದರೆ, ಆಮೇಲೆ ಗಾಜು ಇನ್ನಷ್ಟು ಸುಧಾರಿಸಿದರೂ ಶೇ. 25 ಕದಲಲಿಲ್ಲ. ಕಾರಣ ಗೋಡೆಯಲ್ಲಿದೆ. 2002ರಲ್ಲಿ ಯು-ಮೌಲ್ಯ ಕಿಟಕಿಗೆ 2.0, ಗೋಡೆಗೆ 0.35 ಇತ್ತು, ಕಿಟಕಿಯ ಸೋರಿಕೆ ಗೋಡೆಯದರ ಆರು ಪಟ್ಟಿಗಿಂತ ತುಸು ಕಡಿಮೆ ಇತ್ತು. 2022ರ ಜೂನ್ 15ರಿಂದ ಜಾರಿಯಲ್ಲಿರುವ ಆವೃತ್ತಿಯಲ್ಲಿ ಅವು 1.4 ಮತ್ತು 0.18. ಅಂದರೆ ಅಂತರ ಎಂಟು ಪಟ್ಟಿನ ಹತ್ತಿರಕ್ಕೆ ಬಂದಿದೆ. ಗಾಜಿಗಿಂತ ಗೋಡೆಯೇ ಬೇಗ ಮುಂದೆ ಹೋಯಿತು.

ಹಾಗೆಂದು ಶೇ. 25 ದಾಟಲಾಗದ ಗೆರೆಯೇನಲ್ಲ. ಆರು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ವಿಸ್ತರಣೆಯೊಂದನ್ನು ತೆಗೆದುಕೊಳ್ಳಿ. ನೆಲ 24 ಚದರ ಮೀಟರ್. ಅದರ ಕಾಲು ಭಾಗ 6. ಮುಚ್ಚಿಹೋದ ಹಳೆಯ ಹಿತ್ತಲ ಬಾಗಿಲು ಮತ್ತು ಅಡುಗೆಮನೆಯ ಕಿಟಕಿ ಸೇರಿ 5 ಎಂದುಕೊಂಡರೆ ಒಟ್ಟು 11 ಸಿಗುತ್ತದೆ. ಐದು ಮೀಟರ್ ಅಗಲ, 2.1 ಮೀಟರ್ ಎತ್ತರದ ಮಡಿಚು ಬಾಗಿಲೊಂದೇ ಹತ್ತೂವರೆ ನುಂಗುತ್ತದೆ. ಪಕ್ಕದ ಗೋಡೆಗೆ ಎರಡು ಚದರ ಮೀಟರಿನ ಕಿಟಕಿ ಇಟ್ಟರೆ ಮಿತಿ ಒಂದೂವರೆ ಚದರ ಮೀಟರ್ ಮೀರುತ್ತದೆ. ಆಗ ಅದೇ ಗಾತ್ರದ, ನಿಯಮಕ್ಕೆ ಸರಿಹೊಂದುವ ಕಾಲ್ಪನಿಕ ಕೋಣೆಯೊಂದಿಗೆ ಹೋಲಿಸಿ, ಒಟ್ಟು ಸೋರಿಕೆ ಅದಕ್ಕಿಂತ ಹೆಚ್ಚಿಲ್ಲವೆಂದು ತೋರಿಸಬೇಕು. ಇಲ್ಲಿ ಬಾಗಿಲನ್ನು 1.4ರ ಬದಲು 1.2ರದ್ದು ಕೊಂಡರೆ ಸಾಕು, ಲೆಕ್ಕ ಸರಿಹೋಗುತ್ತದೆ. ಗಾಜು ಇದಕ್ಕೂ ಬಹಳ ಹೆಚ್ಚಾದರೆ ಇಡೀ ಮನೆಯ ಶಕ್ತಿ ಲೆಕ್ಕ ಮಾಡಿಸಬಹುದು. ಹಳೆಯ ಅಟ್ಟಕ್ಕೆ ಉಷ್ಣನಿರೋಧಕ ಹಾಸಿ ಹೊಸ ಕೋಣೆಯ ನಷ್ಟ ತುಂಬುವುದೂ ಆಗ ಸಾಧ್ಯ.

ಹಿತ್ತಲ ಗಾಜುಮನೆಗಳ ದಾರಿ ಬೇರೆ. ನೆಲಮಟ್ಟದಲ್ಲಿದ್ದು 30 ಚದರ ಮೀಟರ್ ಒಳಗಿದ್ದರೆ, ಮನೆಗೂ ಅದಕ್ಕೂ ನಡುವೆ ಹೊರಬಾಗಿಲಿನ ಗುಣಮಟ್ಟದ ಬಾಗಿಲು ಉಳಿದಿದ್ದರೆ, ಮನೆಯ ಹೀಟಿಂಗ್ ಅಲ್ಲಿಗೆ ಹರಿಯದಿದ್ದರೆ ಅವಕ್ಕೆ ‘ಎಲ್’ ಭಾಗದಿಂದ ವಿನಾಯಿತಿ. ನಡುವಿನ ಬಾಗಿಲು ಕಿತ್ತು ಎಲ್ಲವನ್ನೂ ಒಂದೇ ಹಜಾರ ಮಾಡಿದರೆ ವಿನಾಯಿತಿ ಹೋಗುತ್ತದೆ.

ಈ ನಿಯಮಗಳ ಕಣ್ಣೆಲ್ಲ ಚಳಿಗಾಲದ ಮೇಲೆ. ಬೇಸಿಗೆಯ ಸೆಕೆಗೆಂದು 2022ರಲ್ಲಿ ಬಂದ ‘ಒ’ ಭಾಗ ಹೊಸದಾಗಿ ಕಟ್ಟುವ ಮನೆಗಳಿಗೆ ಮಾತ್ರ ಅನ್ವಯಿಸುತ್ತದೆ. ದಕ್ಷಿಣಕ್ಕೆ ಮುಖ ಮಾಡಿದ ಗಾಜಿನ ವಿಸ್ತರಣೆ ಜುಲೈಯಲ್ಲಿ ಎಷ್ಟು ಕಾಯುತ್ತದೆ ಎಂಬುದನ್ನು ಅದು ಕೇಳುವುದಿಲ್ಲ.